ಹಿತ್ತಲಿಲ್ಲದ ಮನೆಯಲ್ಲಿ ಸೀಸ ಕರಗಿಸುವವರಿಗೆ

"ಇಷ್ಟು ಚೂರು ಸೀಸದಿಂದ ಏನಾಗತ್ತೆ ಬಿಡಿ ಸಾರ್."

ಗಾಳದ ಹವ್ಯಾಸ ಇರುವ ಕನ್ನಡದ ಗೆಳೆಯರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವವರು ಯಾರೂ ದಡ್ಡರಲ್ಲ. ಒಬ್ಬರು ಪುಣೆಯಲ್ಲಿ ವಾಹನಗಳ ಬಿಡಿಭಾಗ ವಿನ್ಯಾಸ ಮಾಡುವವರು. ಇನ್ನೊಬ್ಬರು ಹೈದರಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುವವರು. ಮತ್ತೊಬ್ಬ ಇಲ್ಲೇ ಮುಂಬೈಯಲ್ಲಿ ಎಂ.ಟೆಕ್ ಓದುತ್ತಿರುವ ಹುಡುಗ. ಆಫೀಸಿನಲ್ಲಿ ಯಾರೋ ಥಿನ್ನರ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸುರಕ್ಷತಾ ವಿಭಾಗಕ್ಕೆ ಮೇಲ್ ಹಾಕುವ ಇದೇ ಜನ, ಭಾನುವಾರ ಬೆಳಿಗ್ಗೆ ಮನೆಯ ಗ್ಯಾಸ್ ಒಲೆಯ ಮೇಲೆ ಸೀಸ ಕರಗಿಸುತ್ತಾರೆ. ಪಕ್ಕದ ಬರ್ನರಿನಲ್ಲಿ ಹಾಲು ಇರುತ್ತದೆ.

ನನ್ನ ವಾದ ಒಂದೇ. ಕೈಯಾರೆ ಹುಸಿಮೀನು ಮಾಡುವುದು ಒಳ್ಳೆಯ ಹವ್ಯಾಸ, ಎಲ್ಲರೂ ಮಾಡಲಿ. ಆದರೆ ಅದರಲ್ಲಿ ಸೀಸಕ್ಕೆ ಜಾಗ ಇಲ್ಲ, ಫ್ಲ್ಯಾಟಿನ ಅಡುಗೆಮನೆಯಲ್ಲಂತೂ ಇಲ್ಲವೇ ಇಲ್ಲ. ಇದನ್ನು ಮೆತ್ತಗೆ ಹೇಳಿ ನೋಡಿದ್ದಾಯಿತು, ಯಾರೂ ಕೇಳಲಿಲ್ಲ. ಹಾಗಾಗಿ ಈಗ ಜಗಳದ ದನಿಯಲ್ಲೇ ಹೇಳುತ್ತಿದ್ದೇನೆ.

ಗಾಳದ ಗೀಳಿಲ್ಲದ ಓದುಗರಿಗೆ ಒಂದು ಮಾತು. ಗಾಳಕ್ಕೆ ಎರೆಹುಳ, ಸೀಗಡಿ, ಹಿಟ್ಟಿನ ಉಂಡೆ ಸಿಕ್ಕಿಸುವುದು ಎಲ್ಲರಿಗೂ ಗೊತ್ತು. ಅದರ ಬದಲು ಮರದಲ್ಲೋ ರಬ್ಬರಿನಲ್ಲೋ ತಗಡಿನಲ್ಲೋ ಒಂದು ಸಣ್ಣ ಮೀನಿನ, ಕಪ್ಪೆಯ, ಸೀಗಡಿಯ ಗೊಂಬೆ ಮಾಡಿ, ಅದಕ್ಕೆ ಗಾಳ ತೂಗಿಸಿ, ದೂರಕ್ಕೆ ಎಸೆದು, ದಾರ ಸುತ್ತುತ್ತ ಅದನ್ನು ನೀರಿನಲ್ಲಿ ಈಜಿಸುವುದು ಇನ್ನೊಂದು ವಿಧಾನ. ಗಾಯಗೊಂಡ ಮರಿಮೀನು ಹೋಗುತ್ತಿದೆ ಎಂದುಕೊಂಡು ದೊಡ್ಡ ಮೀನು ಬಾಯಿ ಹಾಕುತ್ತದೆ. ಇಂಗ್ಲಿಷಿನವರು ಇದಕ್ಕೆ ಲೂರ್ ಎನ್ನುತ್ತಾರೆ, ನಮ್ಮ ಹುಡುಗರೂ ಹಾಗೇ ಅನ್ನುತ್ತಾರೆ. ನಾನು ಹುಸಿಮೀನು ಅನ್ನುತ್ತೇನೆ. ಕುಂದಾಪುರ ಕಡೆಯ ನನ್ನ ಸೋದರಮಾವ, ನಲವತ್ತು ವರ್ಷ ಅಳಿವೆಯಲ್ಲಿ ಬೀಸುಬಲೆ ಎಸೆದವರು, ನಾನು ಮಾಡಿದ ಮೊದಲ ಹುಸಿಮೀನನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಮೀನಿಗ್ ಮೀನಿನ ಗೊಂಬಿ ಮಾಡುಕೆ ಮುಂಬೈಗ್ ಹೋದ್ಯಾ ಮಗಾ?" ಎಂದಿದ್ದರು. ಆಮೇಲೆ ಅದನ್ನು ವಾಪಸು ಕೊಡಲಿಲ್ಲ ಎನ್ನುವುದು ಬೇರೆ ವಿಷಯ.

ಈ ಹವ್ಯಾಸಕ್ಕೆ ಬೇಕಾಗುವ ಸಾಮಾನು ನೋಡಿದರೆ ನಗು ಬರುತ್ತದೆ. ಮರ ಹಗುರ ಇರಬೇಕು. ಬೂರುಗವೋ ಹಾಲುವಾಣವೋ ಸಿಕ್ಕರೆ ಹಬ್ಬ. ಹಾಲುವಾಣಕ್ಕೆ ಇಲ್ಲಿ ಪಾಂಗಾರಾ ಎನ್ನುತ್ತಾರೆ, ಮಳೆಗಾಲದ ಮುಂಚೆ ಸೊಸೈಟಿಯವರು ಕೊಂಬೆ ಕಡಿಸುವಾಗ ವಾಚ್‌ಮನ್‌ಗೆ ಹೇಳಿಟ್ಟರೆ ಒಂದು ವರ್ಷಕ್ಕಾಗುವಷ್ಟು ಸಿಗುತ್ತದೆ. ಚೆನ್ನಾಗಿ ಒಣಗಿಸಿ, ಬೆರಳುದ್ದದ ತುಂಡು ಮಾಡಿ, ಮದುವೆ ಕರೆಯೋಲೆಯ ರಟ್ಟಿನಲ್ಲಿ ಕತ್ತರಿಸಿದ ಮೀನಿನ ಆಕಾರವನ್ನು ಅದರ ಮೇಲಿಟ್ಟು ಪೆನ್ಸಿಲ್ ಎಳೆದು, ಚಾಕುವಿನಿಂದ ಕೆತ್ತುತ್ತ ಹೋಗುವುದು. ಹೊಟ್ಟೆಯ ಉದ್ದಕ್ಕೂ ಹ್ಯಾಕ್ಸಾ ಬ್ಲೇಡಿನಿಂದ ಒಂದು ಸೀಳು. ಆ ಸೀಳಿನೊಳಗೆ ಸ್ಟೀಲ್ ತಂತಿ. ಮೂತಿಯಿಂದ ಬಾಲದವರೆಗೆ ಒಂದೇ ತಂತಿ ಹೋಗಬೇಕು, ಅದನ್ನೇ ಇಕ್ಕಳದಿಂದ ತಿರುಚಿ ದಾರ ಕಟ್ಟುವ ಕಣ್ಣು, ಗಾಳ ತೂಗುವ ಕಣ್ಣು ಮಾಡಬೇಕು. ಇಲ್ಲದಿದ್ದರೆ ದೊಡ್ಡ ಮೀನು ಬಿದ್ದ ದಿನ ಮರ ನಿಮ್ಮ ಕೈಯಲ್ಲಿ, ಗಾಳ ಮೀನಿನ ಬಾಯಲ್ಲಿ. ಮೂತಿಯ ಕೆಳಗೆ ಹಳೆಯ ಸಿಡಿಯಿಂದ ಕತ್ತರಿಸಿದ ಒಂದು ನಾಲಿಗೆ. ಅದನ್ನು ನೆಟ್ಟಗೆ ಕೆಳಮುಖವಾಗಿ ಕೂರಿಸಿದರೆ ಹುಸಿಮೀನು ಮೇಲ್ನೀರಲ್ಲೇ ಓಡುತ್ತದೆ, ಮುಂದಕ್ಕೆ ಚಾಚಿ ಕೂರಿಸಿದಷ್ಟೂ ಆಳಕ್ಕೆ ಇಳಿಯುತ್ತದೆ. ಮೈಗೆ ಚಾಕೊಲೇಟಿನ ಬೆಳ್ಳಿಕಾಗದ. ಅಂಟಿಸುವ ಮುಂಚೆ ಅದನ್ನು ಕೊತ್ತಂಬರಿ ತರುವ ಬಲೆಚೀಲದ ಮೇಲಿಟ್ಟು ಉಗುರಿನಿಂದ ಉಜ್ಜಿದರೆ ಭೂತಾಯಿ ಮೀನಿನ ಹುರುಪೆಯ ಹಾಗೇ ಮೂಡುತ್ತದೆ. ಬೆನ್ನಿಗೆ ಹೆಂಡತಿಯ ಅನುಮತಿ ಪಡೆದು ನೀಲಿ ನೇಲ್‌ಪಾಲಿಶ್. ಕೊನೆಗೆ ಎರಡು ಕೊಳವೆಯ ಅಂಟಿನ ತೆಳು ಲೇಪ, ಆರುವ ತನಕ ನಿಧಾನ ತಿರುಗಿಸುತ್ತ ಕೂರಬೇಕು, ಇಲ್ಲದಿದ್ದರೆ ಅಂಟು ಒಂದೇ ಕಡೆ ಇಳಿದು ಹೊಟ್ಟೆ ಬಂದ ಹಾಗೆ ಕಾಣುತ್ತದೆ.

ಎರಡು ಸಂಜೆಯ ಕೆಲಸ. ದಿನವಿಡೀ ಪರದೆಯ ಮೇಲೆ ಕೈಗೆ ಸಿಗದ ವಸ್ತುಗಳನ್ನೇ ಮಾಡುವ ನಮ್ಮಂಥವರಿಗೆ ಬೆರಳಿಗೆ ಮರದ ಪುಡಿ ಅಂಟುವುದರಲ್ಲಿ ಒಂದು ಸುಖ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಂಗಡಿಯಲ್ಲಿ ತಂದ ಜಪಾನಿನ ಹುಸಿಮೀನು ಚಂದ ಇರುತ್ತದೆ, ಮೀನನ್ನೂ ಹಿಡಿಯುತ್ತದೆ, ಆದರೆ ಅದು ಯಾಕೆ ಹಾಗೆ ಅಲುಗುತ್ತದೆ ಎಂದು ನಿಮಗೆ ಗೊತ್ತಿರುವುದಿಲ್ಲ. ನೀವೇ ಮಾಡಿದ್ದು ಮೊದಲ ಸಲ ಬಕೆಟಿನಲ್ಲಿ ಪಲ್ಟಿ ಹೊಡೆದಾಗ ಗೊತ್ತಾಗಲು ಶುರುವಾಗುತ್ತದೆ.

ಪಲ್ಟಿ ಹೊಡೆಯುವುದು ಭಾರದ ದೆಸೆಯಿಂದ. ಬರೀ ಮರದ ತುಂಡು ನೀರಿನಲ್ಲಿ ಮಗ್ಗುಲಾಗಿ ತೇಲುತ್ತದೆ. ಹೊಟ್ಟೆಯ ಕೆಳಗೆ ಮೂರು, ನಾಲ್ಕು, ಐದು ಗ್ರಾಂ ಭಾರ ಇಟ್ಟರೆ ಮಾತ್ರ ನೆಟ್ಟಗೆ ನಿಲ್ಲುತ್ತದೆ, ದೂರಕ್ಕೂ ಹಾರುತ್ತದೆ. ಭಾರ ಹಿಂದಕ್ಕೆ ಜಾಸ್ತಿಯಾದರೆ ಚೆನ್ನಾಗಿ ಹಾರಿ ನೀರಿನಲ್ಲಿ ಮಂಕಾಗಿ ಬರುತ್ತದೆ. ಒಟ್ಟಾರೆ ಜಾಸ್ತಿಯಾದರೆ ಅಲುಗಾಟವೇ ಸಾಯುತ್ತದೆ. ಇಡೀ ಕಲೆ ಇರುವುದು ಈ ಐದು ಗ್ರಾಮಿನಲ್ಲಿ. ಮತ್ತು ಈ ಐದು ಗ್ರಾಮಿಗಾಗಿಯೇ ನಮ್ಮವರು ಮನೆಗೆ ಸೀಸ ತರುವುದು.

ಅದು ಬರುವುದೆಲ್ಲಿಂದ ನೋಡಿ. ಟಯರ್ ಅಂಗಡಿಯಲ್ಲಿ ಗಾಲಿಯ ಸಮತೋಲಕ್ಕೆ ಬಡಿದು ತೆಗೆದ ಹಳೆಯ ತುಂಡುಗಳು. ಗುಜರಿಯವನ ಹತ್ತಿರ ಒಡೆದ ಬ್ಯಾಟರಿಯ ಫಲಕಗಳು. ಮೊದಲನೆಯದರಲ್ಲಿ ರಸ್ತೆಯ ಎಣ್ಣೆ ಕೊಳೆ, ಎರಡನೆಯದರಲ್ಲಿ ಆಮ್ಲ. ಬ್ಯಾಟರಿ ಫಲಕ ಎಂದರೆ ಶುದ್ಧ ಲೋಹವೂ ಅಲ್ಲ, ಅದಕ್ಕೆ ಮೆತ್ತಿರುವುದೇ ಸೀಸದ ಸಂಯುಕ್ತಗಳ ಪುಡಿ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಜಗತ್ತಿನ ಮಕ್ಕಳಲ್ಲಿ ಮೂರಕ್ಕೊಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಆತಂಕದ ಮಟ್ಟದಲ್ಲಿದೆ ಎಂದು ವರದಿ ಕೊಟ್ಟವು. ಅದರಲ್ಲಿ ದೊಡ್ಡ ಪಾಲು ಭಾರತದ್ದು. ಮುಖ್ಯ ಕಾರಣಗಳಲ್ಲಿ ಒಂದೆಂದು ಆ ವರದಿ ಬೆರಳು ತೋರಿಸಿದ್ದು ಹಳೆಯ ಬ್ಯಾಟರಿಗಳನ್ನು ಬೇಕಾಬಿಟ್ಟಿ ಒಡೆದು ಕರಗಿಸುವುದಕ್ಕೆ. ಗಲ್ಲಿಯ ಗುಜರಿಯವನು ಹೊಟ್ಟೆಪಾಡಿಗೆ ಮಾಡುವ ಆ ಕೆಲಸವನ್ನು ನಾವು ಹನ್ನೊಂದನೆಯ ಮಹಡಿಯಲ್ಲಿ ಖುಷಿಗೆ ಮಾಡುತ್ತಿದ್ದೇವೆ.

ಕಳೆದ ದೀಪಾವಳಿ ರಜೆಯಲ್ಲಿ ಹೀಗೇ ಒಬ್ಬರ ಮನೆಗೆ ಹೋಗಿದ್ದೆ. ಒಂದು ಬೆಡ್‌ರೂಮಿನ ಫ್ಲ್ಯಾಟು. ಹಳೆಯ ಚಹಾ ಪಾತ್ರೆಯಲ್ಲಿ ಸೀಸ ಮಿರಮಿರ ಮಿನುಗುತ್ತಿತ್ತು. ಅವರು ಅದರ ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ತೆಗೆದು ಸಿಂಕಿನ ಅಂಚಿಗೆ ತಟ್ಟುತ್ತಿದ್ದರು. ಅಚ್ಚಿನಿಂದ ತೆಗೆದ ತುಂಡುಗಳನ್ನು ಊಟದ ಮೇಜಿನ ಮೇಲೆ ಅರದಿಂದ ಉಜ್ಜಿದರು. ನಾಲ್ಕು ವರ್ಷದ ಮಗಳು ಅದೇ ಮೇಜಿನ ಮೇಲೆ ಗಲ್ಲ ಊರಿ, ಅಪ್ಪ ಮೀನಿಗೆ ಬಣ್ಣ ಬಳಿಯುವುದನ್ನು ನೋಡುತ್ತ ಚಕ್ಕುಲಿ ತಿನ್ನುತ್ತಿದ್ದಳು. ಬಾಯಿ ತಡೆಯಲಾರದೆ ಹೇಳಿದೆ. ಅವರು ನಕ್ಕು ಎಕ್ಸಾಸ್ಟ್ ಫ್ಯಾನ್ ತೋರಿಸಿದರು.

ಎಕ್ಸಾಸ್ಟ್ ಫ್ಯಾನಿನವರ ವಾದ ನನಗೆ ಬಾಯಿಪಾಠ. ಸೀಸ ಕರಗುವುದು 327 ಡಿಗ್ರಿಗೆ, ಕುದಿಯುವುದು 1700 ಡಿಗ್ರಿ ದಾಟಿದ ಮೇಲೆ, ಮತ್ತೆ ಹೊಗೆ ಎಲ್ಲಿಂದ ಬಂತು ಸಾರ್? ಕುದಿಯದ ನೀರಿನಿಂದ ಆವಿ ಬರುವುದನ್ನು ಇವರು ಯಾರೂ ನೋಡಿಲ್ಲವೇನೋ. ಸುಮಾರು 500 ಡಿಗ್ರಿಯ ಹತ್ತಿರ ಸೀಸದ ಹೊಗೆ ಗಮನಕ್ಕೆ ತೆಗೆದುಕೊಳ್ಳಬೇಕಾದಷ್ಟಾಗುತ್ತದೆ, ಥರ್ಮಾಮೀಟರ್ ಇಲ್ಲದ ಗ್ಯಾಸ್ ಒಲೆಯಲ್ಲಿ ಅಲ್ಲಿಗೆ ಮುಟ್ಟುವುದು ಕಷ್ಟವೇನಲ್ಲ. ಆದರೆ ಹೊಗೆಯನ್ನು ಪಕ್ಕಕ್ಕಿಡೋಣ, ಅದು ಬರಲೇ ಇಲ್ಲ ಎಂದುಕೊಳ್ಳೋಣ. ಮನೆಯಲ್ಲಿ ದೊಡ್ಡ ಅಪಾಯ ಪುಡಿಯದ್ದು. ಮೇಲೆ ಕಟ್ಟುವ ಆ ಬೂದು ಕೆನೆ ಸೀಸದ ಆಕ್ಸೈಡು, ಒಣಗಿದರೆ ಹಿಟ್ಟು. ಅರ ಹಾಕಿದಾಗ ಬೀಳುವುದೂ ಹಿಟ್ಟು. ಅದು ಮೇಜಿನ ಮೇಲೆ, ಒರೆಸುವ ಬಟ್ಟೆಯಲ್ಲಿ, ನಿಮ್ಮ ಬನಿಯನ್ನಿನಲ್ಲಿ, ಅಲ್ಲಿಂದ ಮಗುವಿನ ಕೈಯಲ್ಲಿ, ಕೈಯಿಂದ ಬಾಯಿಗೆ. ಫ್ಯಾನು ಅದನ್ನು ಎಳೆಯುವುದಿಲ್ಲ.

ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ರಕ್ತ ಸೇರುವ ಪಾಲಿಗಿಂತ ಎಳೆಯ ಮಕ್ಕಳಲ್ಲಿ ಸೇರುವ ಪಾಲು ನಾಲ್ಕೈದು ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟರವರೆಗೆ ಸುರಕ್ಷಿತ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎಂದೂ ಅದೇ ಹೇಳುತ್ತದೆ. ಮೈಗೆ ಅದು ಕ್ಯಾಲ್ಸಿಯಮ್ಮಿನ ವೇಷದಲ್ಲಿ ಹೊಗುತ್ತದೆ, ಮೂಳೆಯಲ್ಲಿ ಮನೆ ಮಾಡುತ್ತದೆ, ವರ್ಷಗಟ್ಟಲೆ ಇರುತ್ತದೆ. ಹೆಣ್ಣುಮಕ್ಕಳು ಬಸುರಾದಾಗ ಮೂಳೆಯಿಂದ ಮತ್ತೆ ರಕ್ತಕ್ಕೆ ಇಳಿದು ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ. ಜ್ವರ ಬರುವುದಿಲ್ಲ, ವಾಂತಿಯಾಗುವುದಿಲ್ಲ. ಲೆಕ್ಕದಲ್ಲಿ ಸ್ವಲ್ಪ ಹಿಂದೆ, ಸ್ವಲ್ಪ ಹಟ ಜಾಸ್ತಿ, ಕೂತಲ್ಲಿ ಕೂರುವುದಿಲ್ಲ ಎಂದು ಟೀಚರು ಹೇಳುತ್ತಾರೆ, ನೀವು ಮೊಬೈಲನ್ನು ಬೈಯುತ್ತೀರಿ.

ಇದು ಎಲ್ಲೋ ದೂರದ ದೇಶದವರ ಭಯ ಎನ್ನುವವರಿಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರ ಹೆಸರು ಗೊತ್ತಿರಲಿ. 1990ರ ದಶಕದಲ್ಲಿ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷಿಸಿದ ಯೋಜನೆಯ ಹಿಂದಿದ್ದವರಲ್ಲಿ ಅವರೂ ಒಬ್ಬರು. ಪೆಟ್ರೋಲಿನಿಂದ ಸೀಸ ಹೋಗಬೇಕು ಎಂಬ ಕೂಗಿಗೆ ಅಂಥ ಅಂಕಿಗಳು ಬಲ ಕೊಟ್ಟವು, 2000ದ ಹೊತ್ತಿಗೆ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಮನೆಗೆ ಬಳಿಯುವ ಬಣ್ಣಕ್ಕೆ 2017ರ ನವೆಂಬರಿನಿಂದ ಮಿತಿ ಬಂತು, ಹತ್ತು ಲಕ್ಷದಲ್ಲಿ 90 ಭಾಗ. ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಈಗ ಲೆಕ್ಕ ಹಾಕಿ. ನಿಮ್ಮ "ಇಷ್ಟು ಚೂರು" ಐದು ಗ್ರಾಂ, ಕಾನೂನು ಐವತ್ತೈದು ಕಿಲೋ ಬಣ್ಣದಲ್ಲಿ ಇರಬಹುದು ಎಂದು ಒಪ್ಪುವ ಸೀಸಕ್ಕೆ ಸಮ. ಗಟ್ಟಿ ತುಂಡೂ ಗೋಡೆಯ ಬಣ್ಣವೂ ಒಂದೇ ರೀತಿ ಮೈ ಸೇರುವುದಿಲ್ಲ, ಒಪ್ಪಿದೆ. ಆದರೆ ಗಟ್ಟಿ ತುಂಡನ್ನು ಅರ ಹಾಕಿ ಪುಡಿ ಮಾಡುತ್ತಿರುವವರು ನೀವೇ ತಾನೆ?

ಇನ್ನು ಅಜ್ಜನ ವಾದ. "ನಮ್ಮಜ್ಜ ಸೀಸದ ಮಣಿ ಹಲ್ಲಲ್ಲಿ ಕಚ್ಚಿ ಬಲೆಗೆ ಕಟ್ತಿದ್ರು, ಎಂಬತ್ತೈದು ವರ್ಷ ಬದುಕಿದ್ರು." ವಿಚಿತ್ರ ಎಂದರೆ ಇದನ್ನು ಹೇಳುವವರಲ್ಲಿ ಮುಕ್ಕಾಲು ಪಾಲು ಜನರ ಅಜ್ಜಂದಿರು ಬಲೆ ಮುಟ್ಟಿದವರೇ ಅಲ್ಲ. ನನ್ನ ಮನೆಯವರು ಮುಟ್ಟಿದವರು. ಮಾವ ಸೀಸ ಕರಗಿಸುತ್ತಿದ್ದದ್ದು ನಿಜ. ವರ್ಷಕ್ಕೆ ಒಂದೋ ಎರಡೋ ಸಲ, ಹಿತ್ತಲಿನ ಆಚೆ, ತೆಂಗಿನ ಬುಡದಲ್ಲಿ ಮೂರು ಕಲ್ಲು ಹೂಡಿ, ಚಿಪ್ಪಿನ ಬೆಂಕಿಯಲ್ಲಿ, ಗಾಳಿಗೆ ಬೆನ್ನು ಮಾಡಿ. ಆ ಪಾತ್ರೆ ಮನೆಯೊಳಗೆ ಬರುವ ಹಾಗಿರಲಿಲ್ಲ. ನಾವು ಮಕ್ಕಳು ಹತ್ತಿರ ಸುಳಿದರೆ ಅತ್ತೆ ಹಿಡಿಸೂಡಿ ತೋರಿಸುತ್ತಿದ್ದರು. ಅದು ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ, ಬಾವಿಯೂ ಅದೇ ಹಿತ್ತಲಲ್ಲೇ ಇತ್ತು. ಆದರೆ ಅವರಿಗೆ ಹಿತ್ತಲಿತ್ತು. ನಿಮಗೆ ಇರುವುದು ಆರು ಅಡಿ ಅಗಲದ ಅಡುಗೆಮನೆ, ಅದರ ಕಿಟಕಿ ತೆರೆಯುವುದು ಪಕ್ಕದ ಮನೆಯ ಕಿಟಕಿಗೆ. ಊರಿನ ಅಭ್ಯಾಸವನ್ನು ಅದರ ಜಾಗ ಬಿಟ್ಟು ಬರೀ ಪಾತ್ರೆ ಸಮೇತ ಎತ್ತಿಕೊಂಡು ಬಂದಿದ್ದೀರಿ.

ಪರಂಪರೆಯ ಮಾತೇ ಆದರೆ ಇನ್ನೂ ಹಿಂದಕ್ಕೆ ಹೋಗಿ. ಹರಪ್ಪ ಕಾಲದ ಊರುಗಳನ್ನು ಅಗೆದಾಗ ಬಲೆಗೆ ಕಟ್ಟುವ ಸುಟ್ಟ ಮಣ್ಣಿನ ಗುಂಡುಗಳು ಸಿಕ್ಕಿವೆ. ಮಣ್ಣು, ಕಲ್ಲು ಎರಡರಲ್ಲೂ ಬಲೆ ಮುಳುಗುತ್ತಿತ್ತು, ಮೀನೂ ಬೀಳುತ್ತಿತ್ತು. ಸೀಸ ಅಜ್ಜನ ಕಾಲದ ಅನುಕೂಲ, ಅಷ್ಟೆ.

ನನ್ನ ಸಿಟ್ಟಿನ ಮೂಲ ಇರುವುದು "ಹವ್ಯಾಸ" ಎನ್ನುವ ಪದದಲ್ಲಿ. ಹನ್ನೆರಡನೆಯ ಶತಮಾನದಲ್ಲಿ, ಈಗ ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ದೊಡ್ಡ ಗ್ರಂಥ ಬರೆಸಿದ, ಅಥವಾ ಬರೆದ. ಅದರಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಗಾಳ ದಾರ ಎಂಥದ್ದಿರಬೇಕು, ಯಾವುದಕ್ಕೆ ಯಾವ ಎರೆ ಎಂದು ಅರಸ ಕೂತು ವಿವರಿಸುತ್ತಾನೆ. ವಿನೋದ ಎನ್ನುವ ಪದ ಗಮನಿಸಿ. ಮೀನು ಬೀಳದಿದ್ದರೆ ಅರಸನ ಮನೆಯಲ್ಲಿ ಒಲೆ ಉರಿಯದೆ ಇರುವುದಿಲ್ಲ. 1873ರಲ್ಲಿ ಭಾರತದಲ್ಲಿ ಗಾಳ ಹಾಕುವ ಬಗ್ಗೆ ದಪ್ಪ ಪುಸ್ತಕ ಬರೆದ ಹೆನ್ರಿ ಸಲಿವನ್ ಥಾಮಸ್ ಕೂಡ ಹಾಗೇ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದವರು. ಪುಸ್ತಕ ಮೊದಲು ಅಚ್ಚಾದದ್ದು ಮಂಗಳೂರಿನಲ್ಲೇ. ದೊರೆಗೂ ದೊರೆಯ ಅಧಿಕಾರಿಗೂ ಇದು ಆಟ.

ಇದರ ಎದುರು ಲೌರಿ ರಪಾಲಾನನ್ನು ನಿಲ್ಲಿಸಿ. ಇವತ್ತು ಅವನ ಹೆಸರಿನ ಹುಸಿಮೀನು ಜಗತ್ತಿನಾದ್ಯಂತ ಮಾರಾಟವಾಗುತ್ತದೆ, ಆದರೆ 1936ರಲ್ಲಿ ಅವನು ಫಿನ್ಲೆಂಡಿನ ಒಬ್ಬ ಬಡ ಮೀನುಗಾರ. ಹಿಂಡಿನಲ್ಲಿ ಸ್ವಲ್ಪ ಓರೆಯಾಗಿ ಈಜುವ ಗಾಯದ ಮರಿಮೀನಿಗೇ ದೊಡ್ಡ ಮೀನು ಎರಗುವುದನ್ನು ದೋಣಿಯಲ್ಲಿ ಕೂತು ನೋಡಿದ. ಬಿರಡೆಯ ಮರವನ್ನು ಚಮ್ಮಾರರ ಚಾಕುವಿನಿಂದ ಕೆತ್ತಿದ, ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿದ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಲೇಪ ಕೊಟ್ಟ. ಕೈಗೆ ಸಿಕ್ಕಿದ್ದರಲ್ಲಿ ಮಾಡಿದ, ಯಾಕೆಂದರೆ ಬೇರೆ ಏನೂ ಕೈಗೆ ಸಿಗುವ ಹಾಗಿರಲಿಲ್ಲ. ಅವನು ಸೀಸ ಬಳಸಿದ್ದರೂ ನಾನು ಅವನನ್ನು ಬೈಯುತ್ತಿರಲಿಲ್ಲ. ಮಾವನನ್ನೂ ಬೈಯುವುದಿಲ್ಲ. ಬೀಸುಬಲೆಯ ಅಂಚಿಗೆ ಬೇರೆ ಲೋಹ ಹಾಕಿ ಎಂದು ಅಳಿವೆಯಲ್ಲಿ ನಿಂತವರಿಗೆ ಉಪದೇಶ ಮಾಡುವ ಮುಖ ನನಗಿಲ್ಲ. ಅವರಿಗೆ ಅಗ್ಗದ ಬೇರೆ ದಾರಿ ಮಾಡಿಕೊಡುವುದು ಸರಕಾರದ ಕೆಲಸ.

ನಮ್ಮ ಕತೆ ಬೇರೆ. ನಾವು ಗಾಳದ ಕೋಲಿಗೆ ಐದು ಸಾವಿರ ಕೊಡುತ್ತೇವೆ, ರೀಲಿಗೆ ಎಂಟು ಸಾವಿರ. ಶನಿವಾರ ರಾತ್ರಿ ಅಲಿಬಾಗಿಗೆ ಕಾರಿನಲ್ಲಿ ಹೋಗಿ ಜಿತಾಡ ಬೀಳದೆ ಖಾಲಿ ಕೈಯಲ್ಲಿ ಬಂದು ಆ ಕತೆಯನ್ನೇ ಒಂದು ವಾರ ಹೇಳಿಕೊಂಡು ಖುಷಿಪಡುತ್ತೇವೆ. ಮೀನು ಬೀಳದಿದ್ದರೂ ನಡೆಯುತ್ತದೆ ಎನ್ನುವುದೇ ಹವ್ಯಾಸದ ಅರ್ಥ. ಹಾಗಿರುವಾಗ ಭಾರದ ವಿಷಯ ಬಂದ ಕೂಡಲೇ "ಸೀಸ ಅಗ್ಗ ಸಾರ್, ಸುಲಭ ಸಾರ್" ಎಂದು ಬಡವರ ಭಾಷೆ ಆಡುವುದು ನನಗೆ ಸಹಿಸಲಾಗುವುದಿಲ್ಲ. ಮೀನುಗಾರನ ಅನಿವಾರ್ಯವನ್ನು ಕದ್ದು ನಮ್ಮ ಸೋಮಾರಿತನಕ್ಕೆ ತೊಡಿಸಿದ ಹಾಗೆ ಅದು.

ಅಗ್ಗ, ಸುಲಭ ಎನ್ನುವುದಾದರೂ ನಿಜವೇ? ಐದು ಗ್ರಾಂ ಸೀಸದ ಗುಂಡಿನ ಅಡ್ಡಳತೆ ಸುಮಾರು 9.4 ಮಿಲಿಮೀಟರು. ಅಷ್ಟೇ ತೂಕದ ಉಕ್ಕಿನ ಗುಂಡಿನದು 10.7. ಹಿತ್ತಾಳೆ ಇವೆರಡರ ನಡುವೆ. ಜಗಳ ಇರುವುದು 1.3 ಮಿಲಿಮೀಟರಿನಲ್ಲಿ. ಒಂದೇ ಗುಂಡು ಹಿಡಿಯದಷ್ಟು ತೆಳ್ಳನೆಯ ಮೈ ಇದ್ದರೆ ಸೈಕಲ್ ರಿಪೇರಿಯವನ ಹತ್ತಿರ ಹೋಗಿ. ಹಿಂಗಾಲಿಯಲ್ಲಿರುವ ಕಾಲಿಂಚಿನ ಬೇರಿಂಗ್ ಗುಂಡು ಒಂದೊಂದೂ ಒಂದು ಗ್ರಾಮಿನ ಆಸುಪಾಸು ತೂಗುತ್ತದೆ. ದೇವರೇ ನಮಗಾಗಿ ಮಾಡಿಟ್ಟ ಹಾಗಿದೆ. ನಾಲ್ಕು ಗ್ರಾಂ ಬೇಕೆ, ನಾಲ್ಕು ಗುಂಡು. ಹೊಟ್ಟೆಯ ಸೀಳನ್ನು ಸ್ವಲ್ಪ ಅಗಲ ಮಾಡಿ ಅವನ್ನು ಸಾಲಾಗಿ ಕೂರಿಸಿ, ಬಕೆಟಿನಲ್ಲಿ ತೇಲಿಸಿ ನೋಡಿ, ಒಂದನ್ನು ಹಿಂದೆ ಸರಿಸಿ, ಮತ್ತೆ ನೋಡಿ, ಸರಿ ಎನಿಸಿದ ಮೇಲೆ ಅಂಟು ಹಾಕಿ. ತಕ್ಕಡಿ ಬೇಡ, ಒಲೆ ಬೇಡ, ಅಚ್ಚು ಬೇಡ. ಸೀಸ ಸುರಿದವರಿಗೆ ಸುರಿದ ಮೇಲೆ ಸರಿಸುವ ಭಾಗ್ಯ ಇಲ್ಲ. ಉಕ್ಕಿಗೆ ತುಕ್ಕು ಹಿಡಿಯುತ್ತದೆ ಎಂಬುದೊಂದೇ ತಕರಾರು, ಲೇಪ ಬಿರುಕು ಬಿಡದಿದ್ದರೆ ಅದೂ ಇಲ್ಲ. ಉಪ್ಪುನೀರಿಗೆ ಹೋಗುವವರು ಸ್ಟೇನ್‌ಲೆಸ್ ಗುಂಡು ತರಿಸಿಕೊಳ್ಳಿ, ಅಥವಾ ಹಾರ್ಡ್‌ವೇರ್ ಅಂಗಡಿಯಲ್ಲಿ ಹಿತ್ತಾಳೆ ಸರಳು ಕೊಂಡು ತುಂಡು ಮಾಡಿಕೊಳ್ಳಿ. ಹಿತ್ತಾಳೆಯಲ್ಲೂ ಕೆಲವು ಬಗೆಗಳಿಗೆ ಕಡೆತಕ್ಕೆ ಸುಲಭವಾಗಲೆಂದು ಚೂರು ಸೀಸ ಬೆರೆಸಿರುತ್ತಾರೆ. ಕತ್ತರಿಸುವುದಾದರೆ ಮಕ್ಕಳಿಲ್ಲದ ಕಡೆ ಕತ್ತರಿಸಿ, ಇಲ್ಲವೇ ಉಕ್ಕಿಗೇ ಅಂಟಿಕೊಳ್ಳಿ. ನಾನು ಉಕ್ಕಿನವನು.

ಉಕ್ಕು ಸೋಲುವ ಒಂದು ಜಾಗ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗಾಳದ ಕುತ್ತಿಗೆಗೇ ಲೋಹದ ತಲೆ ಎರಕ ಹೊಯ್ದು, ಅದಕ್ಕೆ ಮೆತ್ತನೆಯ ರಬ್ಬರಿನ ಬಾಲ ಸಿಕ್ಕಿಸುವ ಬಗೆ ಇದೆಯಲ್ಲ, ಜಿಗ್ ಎನ್ನುತ್ತಾರೆ, ಅಲ್ಲಿ ಕರಗುವ ಲೋಹವೇ ಬೇಕು. ತವರ 232 ಡಿಗ್ರಿಗೇ ಕರಗುತ್ತದೆ, ಆದರೆ ಹಗುರ, ದುಬಾರಿ. ಟಂಗ್‌ಸ್ಟನ್ ಸೀಸಕ್ಕಿಂತ ಭಾರ, ಆದರೆ ಮನೆಯಲ್ಲಿ ಮಾಡುವಂಥದ್ದಲ್ಲ, ಸಿದ್ಧವಾದದ್ದನ್ನೇ ಕೊಳ್ಳಬೇಕು. ತವರ ಎಂದುಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಯ ಸೋಲ್ಡರ್ ತಂತಿ ತರಬೇಡಿ, ಸಾಮಾನ್ಯವಾಗಿ ಸಿಗುವುದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸೀಸವೇ ಇರುತ್ತದೆ. ಹಾಗಾಗಿ ಜಿಗ್ ಬೇಕೇ ಬೇಕು ಎನ್ನುವವರು ಕೊಂಡುಕೊಳ್ಳಲಿ, ಅಥವಾ ಮರದ ಹುಸಿಮೀನಿನಲ್ಲೇ ತೃಪ್ತಿಪಡಲಿ. ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಎಂದು ಯಾರೂ ಶಾಸನ ಬರೆಸಿಲ್ಲ.

ಮನೆಯೊಳಗಿನ ಮಾತಾಯಿತು. ಹೊರಗೆ ಅದು ಏನಾಗುತ್ತದೆ? ಬಾಂದ್ರಾದ ಬಂಡೆಗಳಲ್ಲಿ ಗಾಳ ಹಾಕುವ ಯಾರನ್ನಾದರೂ ಕೇಳಿ, ಮಾಡಿದ ಹುಸಿಮೀನುಗಳಲ್ಲಿ ಅರ್ಧಕ್ಕರ್ಧ ಕಲ್ಲಿಗೆ ಸಿಕ್ಕಿ ದಾರ ಹರಿದು ಅಲ್ಲೇ ಉಳಿಯುತ್ತವೆ. ಕೆರೆಗಳಲ್ಲಿ ಮುಳ್ಳು, ಬೇರು, ಗಣೇಶನ ಕಬ್ಬಿಣದ ಚೌಕಟ್ಟು. ಇಂಗ್ಲೆಂಡಿನಲ್ಲಿ ಹೀಗೆ ಉಳಿದ ಸಣ್ಣ ಸೀಸದ ಗುಂಡುಗಳನ್ನು ಹಂಸಗಳು ಕಲ್ಲುಹರಳೆಂದು ನುಂಗಿ ಸತ್ತವು. ಪಕ್ಷಿಗಳ ಹೊಟ್ಟೆಯಲ್ಲಿ ಕಾಳು ಅರೆಯಲು ಹರಳು ಬೇಕು, ಅದು ಅವುಗಳ ಅಭ್ಯಾಸ. ಅಲ್ಲಿ 1987ರಲ್ಲಿ 28 ಗ್ರಾಮಿನವರೆಗಿನ ಬಹುಪಾಲು ಸೀಸದ ಗುಂಡುಗಳನ್ನು ಗಾಳಕ್ಕೆ ಬಳಸುವುದು ನಿಷೇಧವಾಯಿತು, ಹಂಸಗಳು ಚೇತರಿಸಿಕೊಂಡವು. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 1997ರಿಂದ 50 ಗ್ರಾಮಿಗಿಂತ ಹಗುರದ ಸೀಸದ ಗುಂಡು ನಿಷಿದ್ಧ. ಅಲ್ಲಿನ ಹವ್ಯಾಸಿಗಳೂ ಮೊದಲು ಗೊಣಗಿದರು. ಗಾಳ ಹಾಕುವುದನ್ನೇನೂ ಬಿಡಲಿಲ್ಲ. ನಮ್ಮ ಕೆರೆಗಳಲ್ಲಿ ಹಂಸ ಇಲ್ಲ ಸಾರ್ ಎಂದು ಮೊನ್ನೆ ಒಬ್ಬರು ನಗಾಡಿದರು. ಬಾತು, ನಾಮಗೋಳಿ ಇವೆಯಲ್ಲ, ಅವುಗಳ ಹೊಟ್ಟೆಯೂ ಹರಳಿನಿಂದಲೇ ಅರೆಯುತ್ತದೆ.

"ಕಾರ್ಖಾನೆಗಳು ಟನ್ನುಗಟ್ಟಲೆ ಬಿಡ್ತಾವೆ, ನಮ್ಮ ಐದು ಗ್ರಾಂ ಯಾವ ಲೆಕ್ಕ" ಎನ್ನುವ ವಾದಕ್ಕೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಕಾರ್ಖಾನೆ ನಿಮ್ಮ ಊಟದ ಮೇಜಿನ ಮೇಲೆ ಇಲ್ಲ.

ಈಗಾಗಲೇ ಮನೆಯಲ್ಲಿ ಸೀಸ ಇಟ್ಟುಕೊಂಡಿರುವವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕಸದ ಬುಟ್ಟಿಗೆ ಹಾಕಬೇಡಿ, ಕೆರೆಗೂ ಎಸೆಯಬೇಡಿ. ಗಟ್ಟಿ ತುಂಡುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಹಳೆಯ ಬ್ಯಾಟರಿ ವಾಪಸು ತೆಗೆದುಕೊಳ್ಳುವ ಡೀಲರಿನ ಹತ್ತಿರ ಒಯ್ದು ಕೇಳಿ. ಕರಗಿಸಿದ ಪಾತ್ರೆ, ಚಮಚ, ಅರ ಇವೂ ಅದೇ ಡಬ್ಬಿಗೆ. ತೊಳೆದು ಮತ್ತೆ ಅಡುಗೆಗೆ ಸೇರಿಸುವ ಯೋಚನೆಯೇ ಬೇಡ. ಕೆಲಸ ಮಾಡಿದ ಜಾಗವನ್ನು ಪೊರಕೆಯಿಂದ ಗುಡಿಸಬೇಡಿ, ಪುಡಿ ಏಳುತ್ತದೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ಆ ಬಟ್ಟೆಯನ್ನು ಬಿಸಾಡಿ. ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ, ಅಥವಾ ಬಸುರಿ ಇದ್ದರೆ, ಡಾಕ್ಟರರಿಗೆ ಸಂಕೋಚವಿಲ್ಲದೆ ವಿಷಯ ಹೇಳಿ ರಕ್ತದಲ್ಲಿನ ಸೀಸದ ಪರೀಕ್ಷೆಗೆ ಚೀಟಿ ಬರೆಸಿಕೊಳ್ಳಿ. ದೊಡ್ಡ ನಗರಗಳ ಲ್ಯಾಬುಗಳಲ್ಲಿ ಅದು ಆಗುತ್ತದೆ. ಚಕ್ಕುಲಿ ತಿನ್ನುತ್ತಿದ್ದ ಆ ಮಗುವಿನ ಅಪ್ಪ ಇದನ್ನು ಓದುತ್ತಾರೆ ಎಂದು ನನಗೆ ಗೊತ್ತು. ಕಾಲಿಂಚಿನ ಗುಂಡುಗಳ ಒಂದು ಪೊಟ್ಟಣ ಅವರಿಗಾಗಿ ಎತ್ತಿಟ್ಟಿದ್ದೇನೆ, ಮುಂದಿನ ಭಾನುವಾರ ತಂದುಕೊಡುತ್ತೇನೆ.